ಮೂತಿ ಎತ್ತಿದ ದೋಣಿ

ಮೊನ್ನೆ ಪಕ್ಕದ ತೋಟದಲ್ಲಿ ಹುಲ್ಲು ಕೊಚ್ಚುವ ಮೆಷಿನ್ನು ಓಡುತ್ತಿತ್ತು. ಮಳೆ ನಿಂತು ಎರಡು ದಿನವಾಗಿತ್ತು. ತೆಂಗಿನ ಬುಡಗಳ ನಡುವೆ ಮೊಣಕಾಲುದ್ದ ಬೆಳೆದ ಹುಲ್ಲು ಚೂರುಚೂರಾಗಿ ಬೀಳುತ್ತಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಆ ಸಣ್ಣ ಇಂಜಿನ್ನಿನ ನೀಲಿ ಹೊಗೆ, ಹಸಿ ಹುಲ್ಲಿನ ವಾಸನೆ, ಒದ್ದೆ ಮಣ್ಣಿನ ವಾಸನೆ ಮೂರೂ ಸೇರಿ ನಮ್ಮ ಜಗುಲಿಯವರೆಗೆ ಬಂದವು. ಕಾಫಿ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ಒಳಗೆ ಎದ್ದುಹೋದೆ. ನನ್ನ ಹೆಂಡತಿ ಗಿರಿಜಾ ಸೆಕೆಯೇ ಎಂದು ಕೇಳಿದಳು. ಹೌದೆಂದೆ. ಸೆಕೆಯೇನೂ ಇರಲಿಲ್ಲ. ಆ ವಾಸನೆ ಬಂದರೆ ಸಾಕು, ಕೆರೆ ಕೋಡಿ ಬಿದ್ದ ವರ್ಷ ಎದುರಿಗೆ ಬಂದು ನಿಲ್ಲುತ್ತದೆ, ನನಗೆ ಎಲ್ಲಿಗಾದರೂ ಹೋಗಿ ಮುಖ ಮರೆಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನದು ಮೋಟರ್ ರಿಪೇರಿ ಅಂಗಡಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿತು, ದಂಡಿನಶಿವರದ ಕಡೆಯ ನಮ್ಮೂರಿಗೆ ವಾಪಸು ಬಂದು ಬಸ್ಸು ನಿಲ್ಲುವ ಜಾಗದಲ್ಲಿ ಅಂಗಡಿ ಹಾಕಿದೆ. ಸುತ್ತಲಿನ ತೋಟಗಳಲ್ಲಿ ಬೋರ್‌ವೆಲ್ಲಿನ ಮೋಟರು ಸುಟ್ಟರೆ ನನ್ನ ಬಾಗಿಲಿಗೇ ಬರಬೇಕು. ಹೆಸರು ಮಹದೇವಯ್ಯ, ಜನ ಕರೆಯುವುದು ಮೋಟ್ರು ಮಾದಣ್ಣ ಎಂದು. ನೀರೆತ್ತುವ ಕೆಲಸದಲ್ಲೇ ತಲೆ ನರೆತವನು ನಾನು. ಆದರೂ ನನಗೆ ನೀರು ಕಂಡರೆ ಭಯ. ಚಿಕ್ಕಂದಿನಲ್ಲಿ ಬಾವಿಗೆ ಬಿದ್ದಿದ್ದೆ, ಯಾರೋ ಮುಳುಗಿದ್ದನ್ನು ನೋಡಿದ್ದೆ ಎಂಬಂಥ ಕತೆ ಯಾವುದೂ ಇಲ್ಲ. ಮೊಣಕಾಲಿನಿಂದ ಮೇಲೆ ನೀರು ಬಂದರೆ ಎದೆ ಹಿಡಿದುಕೊಳ್ಳುತ್ತದೆ, ಅಷ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಬಂದಿರಲಿಲ್ಲ, ಯಾಕೆಂದರೆ ನಮ್ಮ ಕೆರೆಯಲ್ಲಿ ಮನುಷ್ಯ ಮುಳುಗುವಷ್ಟು ನೀರೇ ಇರುತ್ತಿರಲಿಲ್ಲ. ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು, ಜಾಲಿ ಬೆಳೆದಿತ್ತು, ಆಚೆ ದಡದ ಪಾಳ್ಯಕ್ಕೆ ಅದರ ನಡುವೆಯೇ ಗಾಡಿ ದಾರಿಯಿತ್ತು.

ಪಾಳ್ಯವೆಂದರೆ ತೋಟಗಳಲ್ಲೇ ಮನೆ ಕಟ್ಟಿಕೊಂಡ ಹತ್ತಿಪ್ಪತ್ತು ಸಂಸಾರಗಳು. ಗಿರಿಜಾಳ ತವರೂ ಅಲ್ಲೇ. ಅವಳ ತಮ್ಮ ಬಸವರಾಜು ನಾಲ್ಕು ಹಸು ಕಟ್ಟಿದ್ದ. ಬೆಳಗ್ಗೆ ಹಾಲು ಕರೆದು ಬೈಕಿಗೆ ಕ್ಯಾನು ಕಟ್ಟಿಕೊಂಡು ಕೆರೆಯಂಗಳ ದಾಟಿ ಊರಿನ ಡೈರಿಗೆ ಹಾಕಿ ಹೋಗುತ್ತಿದ್ದ. ಪಾಳ್ಯದ ಎಲ್ಲರದೂ ಅದೇ ದಾರಿ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮೇಲಿನ ಕೆರೆಗಳು ಒಂದೊಂದಾಗಿ ತುಂಬಿ, ನಾಲೆಯ ನೀರೂ ಸೇರಿ, ಒಂದು ಬೆಳಗ್ಗೆ ನಮ್ಮ ಕೆರೆ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಹೆಂಗಸರು ಬಾಗಿನ ಬಿಟ್ಟರು, ಗಂಡಸರು ಕೋಡಿಯ ನೀರಿಗೆ ಇಳಿದು ಫೋಟೋ ತೆಗೆಸಿಕೊಂಡರು. ನಾನು ದೂರದಲ್ಲಿ ನಿಂತು ಎಲ್ಲರ ಚಪ್ಪಲಿ ಕಾಯ್ದೆ. ಬೋರ್‌ವೆಲ್ಲುಗಳಲ್ಲಿ ನೀರು ಮೇಲೆ ಬರುತ್ತದೆಂಬ ಸಂತೋಷದಲ್ಲಿ ಪಾಳ್ಯದ ದಾರಿ ಮುಳುಗಿದ್ದು ಮೊದಲ ಎರಡು ದಿನ ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಆಮೇಲೆ ಕಂಡಿತು. ಏರಿಯ ಮೇಲಿನ ರಸ್ತೆಯನ್ನೂ ಕೋಡಿಯ ನೀರು ತುಂಡರಿಸಿತ್ತು. ಪಾಳ್ಯದಿಂದ ಊರಿಗೆ ಬರಬೇಕೆಂದರೆ ಇನ್ನೊಂದು ಊರು ಬಳಸಿ ಬರಬೇಕು. ಅಷ್ಟು ಹೊತ್ತಿಗೆ ಡೈರಿಯ ವ್ಯಾನು ಹಾಲು ತುಂಬಿಕೊಂಡು ಹೊರಟುಹೋಗಿರುತ್ತದೆ. ಹೈಸ್ಕೂಲಿನ ಮಕ್ಕಳಿಗೆ ಮೊದಲ ಪಾಠ ತಪ್ಪುತ್ತಿತ್ತು. ಒಬ್ಬರಂತೂ ಕಿತ್ತ ತೆಂಗಿನಕಾಯಿಗಳನ್ನು ಬಲೆಯಲ್ಲಿ ಕಟ್ಟಿ, ಗಾಳಿ ಈ ಕಡೆಗೆ ಬೀಸಿದ ದಿನ ನೀರಿಗೆ ಬಿಟ್ಟರು. ಅವು ತೇಲಿಕೊಂಡು ಮಾರನೆಯ ದಿನ ಊರ ದಡಕ್ಕೆ ಬಂದವು. ಹಾಲನ್ನು ಹಾಗೆ ತೇಲಿಬಿಡುವ ಹಾಗಿರಲಿಲ್ಲ.

ಪಂಚಾಯ್ತಿಯವರು ಎಲ್ಲೋ ಜಲಾಶಯವೊಂದರಲ್ಲಿ ಬೋಟಿಂಗ್ ನಿಂತುಹೋಗಿದ್ದ ಕಡೆಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಲಾರಿಯಲ್ಲಿ ತರಿಸಿದರು. ಹಿಂಭಾಗದ ಹಲಗೆಗೆ ಸಿಕ್ಕಿಸುವ ಸಣ್ಣ ಇಂಜಿನ್ನು. ಹಗ್ಗ ಎಳೆದರೆ ಚಾಲೂ, ಹಿಡಿ ತಿರುಗಿಸಿದರೆ ವೇಗ, ಅದೇ ಹಿಡಿಯನ್ನು ಎಡಬಲಕ್ಕೆ ದೂಡಿದರೆ ದೋಣಿ ತಿರುಗುತ್ತದೆ. ಓಡಿಸಲು ರಂಗಸ್ವಾಮಿ ಮುಂದೆ ಬಂದ. ಮೂವತ್ತರ ಆಸುಪಾಸಿನವನು, ಕೆಲವು ವರ್ಷ ಕರಾವಳಿಯ ಮೀನಿನ ಬೋಟಿನಲ್ಲಿ ಕೂಲಿಗಿದ್ದು ತಾಯಿಗೆ ಹುಷಾರಿಲ್ಲವೆಂದು ವಾಪಸು ಬಂದಿದ್ದ. ಅಲ್ಲಿ ಅವನು ಬಲೆ ಎಳೆಯುತ್ತಿದ್ದನೇ ಹೊರತು ಇಂಜಿನ್ ಮುಟ್ಟಿದವನಲ್ಲ. ಅದನ್ನು ಮೊದಲೇ ಎಲ್ಲರಿಗೂ ಹೇಳಿದ್ದ. ಆದರೂ ನಮ್ಮೂರಲ್ಲಿ ಸಮುದ್ರ ನೋಡಿ ಬಂದವನು ಅವನೊಬ್ಬನೇ ಆಗಿದ್ದರಿಂದ ರಂಗನೇ ದೋಣಿಯವನಾದ.

ಖಾಲಿ ದೋಣಿ ಚೆನ್ನಾಗಿಯೇ ಓಡಿತು. ಮಾರನೆಯ ಬೆಳಗ್ಗೆ ಹಾಲಿನ ಕ್ಯಾನು, ಮಕ್ಕಳು, ಹೆಂಗಸರು ಹತ್ತಿದ ಕೂಡಲೇ ಅದರ ಬಣ್ಣ ಬಯಲಾಯಿತು. ಹಿಂಭಾಗ ಕುಸಿದು ಮೂತಿ ಆಕಾಶಕ್ಕೆ ಎದ್ದಿತು. ಇಂಜಿನ್ನು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು, ದೋಣಿ ಮಾತ್ರ ಕೆಸರಿನಲ್ಲಿ ಎಮ್ಮೆ ನಡೆದ ಹಾಗೆ ಬರುತ್ತಿತ್ತು. ಅರ್ಧ ಕೆರೆ ದಾಟುವಷ್ಟರಲ್ಲಿ ವ್ಯಾನಿನ ಹಾರನ್ ಕೇಳಿಸಿತಂತೆ. ಆ ವಾರ ಪಾಳ್ಯದ ಹಾಲು ಎರಡು ದಿನ ವ್ಯಾನಿಗೆ ಸಿಕ್ಕಿ ಐದು ದಿನ ತಪ್ಪಿತು. ತಪ್ಪಿದ ಹಾಲನ್ನು ಮೊಸರು ಮಾಡಿ, ತುಪ್ಪ ಮಾಡಿ, ಕೊನೆಗೆ ನೆಂಟರಿಗೆಲ್ಲ ಹಂಚಿದರು.

ಬಸವರಾಜು ನನ್ನ ಅಂಗಡಿಗೆ ಬಂದ. "ಭಾವ, ನೀವೊಂದ್ಸಲ ನೋಡಿ. ಇಂಜಿನ್ನಲ್ಲೇ ಏನೋ ಐತೆ" ಎಂದ. ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ನಾನು ಉಬ್ಬಿದೆ. ಮೋಟರು ಮೋಟರೇ ಕಣಪ್ಪ, ಅದು ನೀರೆತ್ತಿದರೇನು, ದೋಣಿ ತಳ್ಳಿದರೇನು ಎಂದು ದೊಡ್ಡ ಮಾತಾಡಿದೆ. ಇಂಜಿನ್ನನ್ನು ಬಿಚ್ಚಿಸಿ ಅಂಗಡಿಗೆ ತರಿಸಿದೆ. ಕಾರ್ಬುರೇಟರ್ ತೊಳೆದೆ, ತಿಪಟೂರಿನಿಂದ ಹೊಸ ಪ್ಲಗ್ಗು ತರಿಸಿ ಹಾಕಿದೆ, ಹಳೇ ಪೆಟ್ರೋಲ್ ಚೆಲ್ಲಿ ಹೊಸದಾಗಿ ಆಯಿಲ್ ಬೆರೆಸಿದೆ. ಅಂಗಡಿ ಮುಂದೆ ನೀಲಿ ಡ್ರಮ್ಮೊಂದಕ್ಕೆ ನೀರು ತುಂಬಿಸಿ, ಇಂಜಿನ್ನಿನ ಕಾಲನ್ನು ಅದರೊಳಗಿಟ್ಟು ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಹತ್ತಿಕೊಂಡಿತು. ಎಂಥ ಸದ್ದು, ಒಂದು ಕೆಮ್ಮೂ ಇಲ್ಲ. ಡ್ರಮ್ಮಿನ ನೀರು ಕುದಿದಂತೆ ಚಿಮ್ಮಿ ಸುತ್ತ ನಿಂತವರ ಮೇಲೆ ಬಿತ್ತು. ಬಸ್ಸಿಗೆ ಕಾಯುತ್ತಿದ್ದವರೂ ಬಂದು ನೋಡಿ ಮೆಚ್ಚಿದರು.

ದೋಣಿಗೆ ಹಾಕಿದರೆ ಮತ್ತೆ ಅದೇ. ಮೂತಿ ಮೇಲೆ, ಅರಚಾಟ, ಆಮೆ ನಡಿಗೆ.

ಮತ್ತೆ ತರಿಸಿದೆ, ಮತ್ತೆ ಡ್ರಮ್ಮಿಗಿಟ್ಟೆ, ಮತ್ತೆ ಹಾಡಿತು. ರಂಗ ಒಂದು ಮಧ್ಯಾಹ್ನ ಅಂಗಡಿಗೆ ಬಂದು ಮೆಲ್ಲಗೆ ಹೇಳಿದ: "ಮಾದಣ್ಣ, ಡ್ರಮ್ಮಲ್ಲಿ ಓಡೋದೇ ಬ್ಯಾರೆ, ಕೆರೆಲಿ ಓಡೋದೇ ಬ್ಯಾರೆ. ಒಂದ್ ಕಿತ ಹತ್ತಿ ನೋಡು. ನಂಗೂ ಏನು ಅಂತ ತಿಳೀತಿಲ್ಲ." ಅವನು ಹೇಳಿದ್ದರಲ್ಲಿ ತಪ್ಪೇನಿತ್ತು. ಸುಟ್ಟ ಮೋಟರನ್ನು ನೋಡಲು ನಾನು ಎಷ್ಟು ತೋಟ ಸುತ್ತಿಲ್ಲ. ಆದರೆ ಹತ್ತಿ ನೋಡು ಎಂಬ ಮಾತು ಕೇಳಿದ ಕೂಡಲೇ, ಕೆಲಸವಿದೆ, ನಾಳೆ ನೋಡೋಣ ಎಂದು ಕಳಿಸಿದೆ. ಅಂಥ ನಾಳೆಗಳು ಬಹಳ ಕಳೆದವು. ಆ ದಿನಗಳಲ್ಲಿ ಗಿರಿಜಾ ವಾರಕ್ಕೊಮ್ಮೆ ದೋಣಿಯಲ್ಲಿ ತವರಿಗೆ ಹೋಗಿ ಬರುತ್ತಿದ್ದಳು. ನಾನು ಮೊಪೆಡ್ಡಿನಲ್ಲಿ ಊರು ಬಳಸಿಕೊಂಡು ಹೋಗಿ, ಅತ್ತೆಯ ಹತ್ತಿರ ದಾರಿಯಲ್ಲಿ ಒಂದು ಮೋಟರು ನೋಡುವುದಿತ್ತು ಎನ್ನುತ್ತಿದ್ದೆ.

ಕೊನೆಗೆ ಡೈರಿಯ ಮುಂದೆ ಪಾಳ್ಯದವರೆಲ್ಲ ಸೇರಿ ಏನು ಮಾಡುವುದೆಂದು ಕೇಳಿದರು. ಇಂಜಿನ್ನಿನಲ್ಲಿ ತೊಂದರೆಯಿಲ್ಲ ಎಂದೆ. ಹಾಗಾದರೆ ತೊಂದರೆ ಎಲ್ಲಿದೆ ಎಂದು ಡೈರಿ ಸೆಕ್ರೆಟರಿ ಕೇಳಿದ. ದೋಣಿಗೆ ಪೆಟ್ರೋಲ್ ಹಾಕಿಸುವ ವ್ಯವಸ್ಥೆ ಅವನದು. ನನ್ನ ಬಾಯಲ್ಲಿ ಆ ಹೊತ್ತಿಗೆ ಬಂದದ್ದು ಇದು: "ಕರಾವಳೀಲಿ ದೋಣಿಗೆ ಸೀಮೆಎಣ್ಣೆ ಬೆರೆಸ್ತಾರೆ ಕಣ್ರೀ. ಅಭ್ಯಾಸ ಆಗಿರ್ತದೆ. ಬೆರೆಸಿದ್ರೆ ಪೆಟ್ರೋಲ್ ಉಳೀತದೆ, ಇಂಜಿನ್ ಎಳೆಯಲ್ಲ." ರಂಗನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಎಲ್ಲರೂ ಅವನ ಕಡೆ ತಿರುಗಿದರು. ಅವನು ನನ್ನನ್ನೇ ನೋಡುತ್ತ ನಿಂತಿದ್ದ, ಸಿಟ್ಟಿರಲಿಲ್ಲ, ಸರಿಯಾಗಿ ಕೇಳಿಸಲಿಲ್ಲ ಎನ್ನುವವನ ಹಾಗೆ. ಸೀಮೆಎಣ್ಣೆಯ ವಾಸನೆ ಆ ಟ್ಯಾಂಕಿನಲ್ಲಿ ಒಂದು ದಿನವೂ ಬಂದಿರಲಿಲ್ಲ. ಅದನ್ನು ಮೂಗಿಟ್ಟು ನೋಡಿದವನು ನಾನೇ.

ಮಾರನೆಯ ದಿನದಿಂದ ಸೆಕ್ರೆಟರಿ ಪ್ರತಿ ಬೆಳಗ್ಗೆ ಎಲ್ಲರೆದುರು ದೋಣಿಯ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ಅಳತೆ ನೋಡತೊಡಗಿದ. ಕಡ್ಡಿಯನ್ನು ಮೂಸಿಯೂ ನೋಡುತ್ತಿದ್ದ. ರಂಗ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದ.

ದೋಣಿ ಆದರೂ ಓಡಲಿಲ್ಲ. ಅಳತೆ ಸರಿಯಿದೆ, ವಾಸನೆ ಸರಿಯಿದೆ, ಇನ್ನೇನು ಎಂದು ಬಸವರಾಜು ಮನೆಗೇ ಬಂದು ಕೂತ. ನಾಳೆ ಬೆಳಗ್ಗೆ ನೀವೇ ಬಂದು ದೋಣಿಯಲ್ಲಿ ಕೂತು ನೋಡಬೇಕು, ರಂಗ ಓಡಿಸುವುದರಲ್ಲಿ ತಪ್ಪಿದ್ದರೆ ಬೇರೆಯವರನ್ನು ಹಾಕೋಣ ಎಂದ. ಗಿರಿಜಾ ಎದುರಿಗೇ ನಿಂತಿದ್ದಳು. ಆಗಲಿ ಎಂದೆ.

ಆ ಬೆಳಗ್ಗೆ ಬಸವರಾಜು ಮೊದಲ ಟ್ರಿಪ್ಪಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಪಾಳ್ಯಕ್ಕೆ ಹೊರಟ. ಹೋಗುವಾಗ ಖಾಲಿ ದೋಣಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಚೆ ದಡ. ಹಲ್ಲು ಕಚ್ಚಿ ಕೂತಿದ್ದೆ, ಮುಗಿಯಿತು. ಬರುವಾಗ ಜನ ಹತ್ತಿದರು. ಕ್ಯಾನುಗಳನ್ನೆಲ್ಲ ರಂಗನ ಕಾಲ ಬುಡಕ್ಕೆ ಇಟ್ಟರು, ಅಲುಗಿದರೆ ಅವನು ಕಾಲಲ್ಲಿ ಒತ್ತಿ ಹಿಡಿಯುತ್ತಿದ್ದ. ಮುಂದೆ ಕೂತರೆ ನೀರು ಸಿಡಿಯುತ್ತದೆಂದು ಎಲ್ಲರೂ ಹಿಂದಕ್ಕೇ ಒತ್ತರಿಸಿ ಕೂತರು. ಪಂಚಾಯ್ತಿಯವರು ಕೊಟ್ಟ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಹೆಂಗಸರು ಮಕ್ಕಳು ತೊಟ್ಟಿದ್ದರು. ಗಂಡಸರು ಅವನ್ನು ಕುಂಡಿಯ ಕೆಳಗೆ ಹಾಕಿಕೊಂಡು ಕೂತಿದ್ದರು. ನಿಂಗಜ್ಜಿ ಎಂಬ ಮುದುಕಿ ತನ್ನ ಒಂದು ಹಸುವಿನ ಹಾಲನ್ನು ಸಣ್ಣ ಕ್ಯಾನಿನಲ್ಲಿ ಮಡಿಲಲ್ಲಿಟ್ಟುಕೊಂಡು, ಜಾಕೆಟ್ಟಿನೊಳಗಿಂದ ಮುಖ ಮಾತ್ರ ಹೊರಗೆ ಹಾಕಿ ನನ್ನನ್ನು ನೋಡುತ್ತಿದ್ದಳು. ನನಗೂ ಒಂದು ತೊಟ್ಟುಕೊಳ್ಳುವ ಆಸೆ. ಕೇಳಲಿಲ್ಲ.

ನಡು ಕೆರೆಗೆ ಬಂದಾಗ ಮೂತಿ ಎದ್ದಿತು. ನನ್ನ ಕೆಳಗಿನ ಹಲಗೆ ಓರೆಯಾಯಿತು. ಹಿಂದೆ ನೋಡಿದರೆ ನೀರು ದೋಣಿಯ ಅಂಚಿಗೆ ಒಂದು ಗೇಣೂ ಇಲ್ಲ. ಮುಂದೆ ನೋಡಿದರೆ ಬರೀ ಆಕಾಶ. ಆಮೇಲೆ ನನಗೆ ಸರಿಯಾಗಿ ನೆನಪಿಲ್ಲ. ನೀರಿನಿಂದ ದೂರ, ಎತ್ತರಕ್ಕೆ ಹೋಗಬೇಕು ಎನ್ನುವುದೊಂದೇ ತಲೆಯಲ್ಲಿತ್ತು. ಎತ್ತರವಾಗಿ ಕಂಡದ್ದು ಆ ಮೂತಿ. ನಾಲ್ಕು ಕಾಲಿನಲ್ಲಿ ತೆವಳಿಕೊಂಡು ಅಲ್ಲಿಗೆ ಹೋದೆ, ಹಗ್ಗ ಕಟ್ಟುವ ಗೂಟವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮುಖ ಹಲಗೆಗೆ ಒತ್ತಿ ಮಲಗಿಬಿಟ್ಟೆ. ಪಂಚೆ ಬೆಚ್ಚಗಾಯಿತು. ಇದನ್ನು ಹೀಗೆ ಬರೆಯುವುದಕ್ಕೂ ನನಗೆ ಇಷ್ಟು ವರ್ಷ ಬೇಕಾಯಿತು.

ಭಾವ ತಳದಲ್ಲಿ ಏನೋ ನೋಡುತ್ತಿದ್ದಾರೆಂದು ಬಸವರಾಜು ಹಿಂದೆಯೇ ತೆವಳಿ ಬಂದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಮುಂಭಾಗಕ್ಕೆ ಭಾರ ಬಿದ್ದಿತು. ಮೂತಿ ಮೆಲ್ಲಗೆ ಇಳಿಯಿತು, ಹಿಂಭಾಗ ಎದ್ದಿತು, ಇಂಜಿನ್ನಿನ ಅರಚಾಟ ಸಣ್ಣದಾಗಿ ಒಂದು ಹದಕ್ಕೆ ಬಂತು. ದೋಣಿ ನೀರನ್ನು ಉಳುವುದು ಬಿಟ್ಟು ನೀರಿನ ಮೇಲೆ ಜಾರತೊಡಗಿತು. ಗಾಳಿ ಕಿವಿಯ ಪಕ್ಕ ಸುಯ್ ಎಂದಿತು. ಮಕ್ಕಳು ಕೂಗಿದರು. ಬಸವರಾಜು ನನ್ನ ಬೆನ್ನು ತಟ್ಟುತ್ತ, "ಭಾವ ಕಂಡುಹಿಡುದ್ರು ಕಣ್ರೋ, ಭಾರ ಎಲ್ಲಾ ಹಿಂದೆ ಇತ್ತು" ಎಂದು ಹಿಂದಿದ್ದವರಿಗೆ ಹೇಳಿದ.

ದಡ ಹತ್ತಿರವಾಯಿತು. ಏರಿಯ ಮೇಲೆ ಜನ ನಿಂತಿದ್ದರು, ಗಿರಿಜಾ ಕೂಡ. ದೋಣಿ ಇಷ್ಟು ಬೇಗ ಬಂದದ್ದು ನೋಡಿ ಅವರಲ್ಲೂ ಗದ್ದಲ. ನಾನು ಎದ್ದೇಳುವ ಹಾಗಿರಲಿಲ್ಲ. ರಂಗ ಇಂಜಿನ್ ನಿಲ್ಲಿಸಿ, ಹಗ್ಗ ಹಿಡಿದು ಮುಂದೆ ಬಂದ. ನನ್ನ ಪಂಚೆ ನೋಡಿದ. ನನ್ನ ಮುಖ ನೋಡಿದ. ಆಮೇಲೆ ದೋಣಿಯ ನೀರು ತೋಡಿ ಚೆಲ್ಲುವ ಮಗ್ಗನ್ನು ಕೆರೆಗೆ ಅದ್ದಿ, ತುಂಬಿದ ಮಗ್ಗನ್ನು ನನ್ನ ಸೊಂಟದ ಮೇಲೆ ಸುರಿದ. ಇನ್ನೊಂದು ತಲೆ ಮೇಲೆ. "ಅಣ್ಣ ದೋಣಿ ಗೆದ್ದವ್ರೆ, ನೀರು ಹಾಕ್ದೆ ಬುಡಾಕಾಯ್ತದಾ" ಎಂದು ನಕ್ಕ. ಉಳಿದವರೂ ನಗುತ್ತ ಬೊಗಸೆಯಲ್ಲಿ ನೀರೆರಚಿದರು. ನಾನು ತಲೆಯಿಂದ ಕಾಲಿನವರೆಗೆ ತೊಯ್ದು ದಡ ಹತ್ತಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಆಮೇಲೆ ನಿಜವಾಗಿ ಕೆಲಸ ಮಾಡಿದೆ. ಎಲ್ಲಿ ತಪ್ಪಿದೆ ಎಂಬ ಎಳೆ ಸಿಕ್ಕಮೇಲೆ ಉಳಿದದ್ದು ಕಷ್ಟವಿರಲಿಲ್ಲ. ದೋಣಿಯನ್ನು ದಡಕ್ಕೆ ಎಳೆಸಿ ಮಗುಚಿದೆವು. ತಳದಲ್ಲಿ ಪಾಚಿ ಕಂಬಳಿಯ ಹಾಗೆ ಹತ್ತಿತ್ತು, ಕೆರೆದು ತೆಗೆದೆ. ನೆಲದ ಹಲಗೆಯ ಕೆಳಗೆ ತೇಲಲೆಂದು ತುಂಬಿದ್ದ ಸ್ಪಂಜು ಎಷ್ಟು ವರ್ಷದ ನೀರು ಕುಡಿದಿತ್ತೋ, ಹಿಂಭಾಗ ಕುಸಿಯುವುದಕ್ಕೆ ಅದೂ ಒಂದು ಕಾರಣ. ಕೊರೆದು ಹೊರತೆಗೆದು, ಮುಚ್ಚಳ ಬಿಗಿದ ಖಾಲಿ ಕ್ಯಾನುಗಳನ್ನು ಆ ಜಾಗಕ್ಕೆ ತುಂಬಿದೆ. ಇಂಜಿನ್ನು ಬೇಕಾದ್ದಕ್ಕಿಂತ ಆಳಕ್ಕೆ ಇಳಿದಿತ್ತು. ಹಿಂದಿನ ಹಲಗೆಯ ಮೇಲೆ ಮರದ ಪಟ್ಟಿ ಕೂರಿಸಿ ಎತ್ತರಿಸಿದೆ. ಇಂಜಿನ್ನು ಹೊರಕ್ಕೆ ವಾಲಿಕೊಂಡು ಮೂತಿಯನ್ನು ಇನ್ನಷ್ಟು ಎತ್ತುತ್ತಿತ್ತು. ಅದರ ಓರೆ ಹಿಡಿದಿಡುವ ಪಿನ್ನನ್ನು ಬೇರೆ ತೂತಿಗೆ ಹಾಕಿ ದೋಣಿಗೆ ಹತ್ತಿರ ತಂದೆ. ನೀರು ತಳ್ಳುವ ಫ್ಯಾನಿನ ಒಂದು ರೆಕ್ಕೆ ಕಲ್ಲಿಗೆ ಬಡಿದು ಮಡಚಿತ್ತು, ಬಡಿದು ನೇರ ಮಾಡಿ ಅರದಲ್ಲಿ ಉಜ್ಜಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿದೆ, ಅಂದಾಜಿನಲ್ಲಿ ಕೆಲವು ಕೆಡಿಸಿ ಮತ್ತೆ ಸರಿಮಾಡಿದೆ. ಕ್ಯಾನುಗಳು ಮುಂದಕ್ಕೆ ಹೋದವು, ಮೊದಲು ಹತ್ತಿದವರು ಮುಂದೆ ಕೂರಬೇಕು ಎಂದಾಯಿತು. ಅಲ್ಲಿಂದ ಎರಡು ತಿಂಗಳು ಹಾಲು ಒಂದು ದಿನವೂ ತಪ್ಪಲಿಲ್ಲ. ಪ್ರತಿ ಬದಲಾವಣೆಯನ್ನೂ ರಂಗ ಓಡಿಸಿ ನೋಡಿ ಬಂದು ಹೇಳುತ್ತಿದ್ದ. ನಾನು ದಡದಲ್ಲಿ ನಿಂತು ಕೇಳುತ್ತಿದ್ದೆ. ಹತ್ತಿ ನೋಡು ಎಂದು ಅವನು ಇನ್ನೊಮ್ಮೆ ಹೇಳಲಿಲ್ಲ.

ರಾಜ್ಯೋತ್ಸವದ ದಿನ ಶಾಲೆಯ ಮೈದಾನದಲ್ಲಿ ಪಂಚಾಯ್ತಿಯವರು ನನಗೆ ಶಾಲು ಹೊದಿಸಿ, ಹಾರ ಹಾಕಿದರು. ಪ್ರಾಣ ಒತ್ತೆಯಿಟ್ಟು ಓಡುವ ದೋಣಿಯ ತುದಿಗೆ ಹೋಗಿ ಪರೀಕ್ಷೆ ಮಾಡಿದ ಸಾಹಸಿ ಎಂದು ಮೈಕಿನಲ್ಲಿ ಹೇಳಿದರು. ಎರಡು ಮಾತಾಡಿ ಎಂದರು. ರಂಗನ ಸಹಕಾರ ಮರೆಯುವ ಹಾಗಿಲ್ಲ ಎಂದು ಹೇಳಿ ಕೂತೆ. ಅವನು ಸಭೆಯಲ್ಲಿ ಇರಲಿಲ್ಲ, ಪಾಳ್ಯದವರನ್ನು ಕಾರ್ಯಕ್ರಮಕ್ಕೆ ಕರೆತರಲು ಕೆರೆಯ ಮೇಲಿದ್ದ. ಅವತ್ತು ಬೆಳಗ್ಗೆಯೂ ಸೆಕ್ರೆಟರಿ ಕಡ್ಡಿ ಇಳಿಬಿಟ್ಟು ಮೂಸಿ ನೋಡಿದ್ದ. ದೋಣಿ ಸರಿಹೋದರೂ ಅದು ನಿಂತಿರಲಿಲ್ಲ. ನಿಲ್ಲಿಸಿ ಎಂದು ಹೇಳಬೇಕಾದವನು ನಾನು. ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಮನೆಗೆ ಬಂದು ಶಾಲನ್ನು ಕುರ್ಚಿಯ ಮೇಲೆ ಹಾಕಿದೆ. ಗಿರಿಜಾ ಮಡಚಿ ಒಳಗಿಡಲು ತೆಗೆದುಕೊಂಡಳು. ಏನೋ ಹೇಳಬೇಕೆನ್ನಿಸಿ, ಅವತ್ತು ದೋಣಿಯಲ್ಲಿ ನಾನು ಪರೀಕ್ಷೆ ಮಾಡಲು ಹೋದದ್ದಲ್ಲ ಎಂದೆ. ಅವಳು ಶಾಲು ಮಡಚುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಬುಡಿ. ಪಂಚೆ ಒಗೆದೋಳು ನಾನು. ಕೆರೆ ನೀರು ಯಾವ್ದು, ಇನ್ನೊಂದು ಯಾವ್ದು ಅಂತ ನಂಗೆ ತಿಳಿಯಲ್ವಾ?" ಶಾಲಿನ ಅಂಚು ಕೂಡಿಸುತ್ತ, "ಹೆದ್ರಿಕೆ ಆದ್ರೆ ಆಗ್ಲಿ, ಅದಕ್ಕೆ ನಾನೇನೂ ಅನ್ನಲ್ಲ. ಆ ಹುಡುಗನ್ನ ದಿನಾ ಕಳ್ಳನ ಥರ ನಿಲ್ಲುಸ್ತಾವ್ರಲ್ಲ, ಅದನ್ನ ನೋಡಾಕಾಗಲ್ಲ" ಎಂದಳು.

ಅಷ್ಟು ದಿನ ಅವಳಿಗೆ ಗೊತ್ತಿತ್ತು. ಜನರೆದುರು ನನ್ನ ಸಾಹಸದ ಮಾತು ಬಂದಾಗಲೆಲ್ಲ ಅವಳು ಯಾಕೆ ಎದ್ದು ಒಳಗೆ ಹೋಗುತ್ತಿದ್ದಳೆಂದು ಆಗ ತಿಳಿಯಿತು. ನನಗಾಗಿ ನಾಚಿಕೊಂಡು ಬದುಕುವ ಕೆಲಸವನ್ನೂ ಅವಳ ಮೇಲೆ ಹಾಕಿದ್ದೆ.

ಆಮೇಲಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಬೇಸಿಗೆಗೆ ನೀರು ಇಳಿದು ದಾರಿ ತೆರೆಯಿತು. ಅದನ್ನು ಎತ್ತರಿಸಿ ಮೋರಿ ಕಟ್ಟಿದರು. ದೋಣಿಯನ್ನು ಇನ್ಯಾವುದೋ ಊರಿನವರು ಒಯ್ದರು. ರಂಗ ಕೆರೆಯ ಮೀನಿನ ಕಾವಲಿಗೆ ಸೇರಿಕೊಂಡ, ಈಗಲೂ ಅಲ್ಲೇ ಇದ್ದಾನೆ. ಕಂಡಾಗ ಅಣ್ಣ ಎಂದೇ ಮಾತಾಡಿಸುತ್ತಾನೆ. ಜನ ಈಗಲೂ ಹೊಸಬರಿಗೆ ನನ್ನನ್ನು ತೋರಿಸಿ, ಓಡುವ ದೋಣಿಯ ತುದಿಯಲ್ಲಿ ಮಲಗಿ ಪರೀಕ್ಷೆ ಮಾಡಿದ ಮನುಷ್ಯ ಎಂದೇ ಹೇಳುತ್ತಾರೆ. ನಿಜ ಏನೆಂದು ನಾನು ಹೇಳಿದ್ದನ್ನು ಕೇಳಿದವರಲ್ಲೇ ಕೆಲವರು ಹಾಗೆ ಹೇಳುತ್ತಾರೆ. ಅವರಿಗೆ ಆ ಕತೆಯೇ ಚೆನ್ನ.

ಹೇಳಿದ್ದು ಹೀಗೆ. ಗಿರಿಜಾ ಆ ಮಾತಾಡಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ನಾನು ಬೆಳಗ್ಗೆ ಎದ್ದು ಖಾಲಿ ದೋಣಿಯಲ್ಲಿ ಪಾಳ್ಯಕ್ಕೆ ಹೋದೆ. ರಂಗ ಒಂದು ಕಿತ್ತಳೆ ಜಾಕೆಟ್ಟು ನನ್ನ ಕಡೆ ಎಸೆದ. ದಡದಲ್ಲಿದ್ದವರೆಲ್ಲರ ಎದುರು ತೊಟ್ಟುಕೊಂಡೆ. ಬರುವಾಗ ದೋಣಿ ತುಂಬಿತ್ತು, ಪಾಳ್ಯದ ಮನೆಮನೆಯಿಂದಲೂ ಒಬ್ಬರಿದ್ದರು. ನಾನು ಎಲ್ಲರಿಗಿಂತ ಮುಂದೆ ಕೂತಿದ್ದೆ. ಹೇಳಬೇಕಾದ್ದನ್ನು ಶುರು ಮಾಡಿದೆ. ಇಂಜಿನ್ನಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಏನು, ಏನು ಎಂದರು. ಕಿರುಚಿ ಹೇಳುವ ಮಾತಲ್ಲ ಅದು. ಕೈ ಎತ್ತಿ ಇಂಜಿನ್ ನಿಲ್ಲಿಸಲು ರಂಗನಿಗೆ ಸನ್ನೆ ಮಾಡಿದೆ.

ನಡು ಕೆರೆಯಲ್ಲಿ ದೋಣಿ ನಿಂತಿತು. ಓಡುವ ದೋಣಿಗಿಂತ ನಿಂತ ದೋಣಿ ಹೆಚ್ಚು ತೊನೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡು ಹೇಳಿದೆ. "ರಂಗ ಸೀಮೆಎಣ್ಣೆ ಬೆರೆಸಿರಲಿಲ್ಲ. ನಂಗೆ ಆವತ್ತೇ ಗೊತ್ತಿತ್ತು. ನೀರಂದ್ರೆ ನಂಗೆ ಭಯ. ದೋಣಿ ಹತ್ತಬೇಕಾಯ್ತದೆ ಅಂತ ಅವನ ಮೇಲೆ ಹಾಕ್ದೆ. ಆಮೇಲೆ ಹತ್ತಿದ ದಿನ ನಾನು ಮುಂದಕ್ಕೆ ಬಂದಿದ್ದು ಹೆದ್ರಿಕೆಗೆ. ಹೆದ್ರಿಕೊಂಡು ಪಂಚೆ ಒದ್ದೆ ಮಾಡ್ಕಂಡೆ. ಅದಕ್ಕೇ ಅವನು ನೀರು ಹಾಕಿದ್ದು."

ಬಸವರಾಜು ತನ್ನ ಕ್ಯಾನಿನ ಮುಚ್ಚಳ ನೋಡುತ್ತಿದ್ದ. ಹೈಸ್ಕೂಲಿನ ಇಬ್ಬರು ಹುಡುಗಿಯರು ತುಟಿ ಕಚ್ಚಿಕೊಂಡು ಬೇರೆ ಕಡೆ ತಿರುಗಿದರು. ನಿಂಗಜ್ಜಿ ಜಾಕೆಟ್ಟಿನೊಳಗಿಂದ ಕತ್ತು ಚಾಚಿ, "ಆಯ್ತು ಕಣಪ್ಪ, ಕೇಳುಸ್ಕಂಡ್ವಿ. ಈಗ ಇಂಜಿನ್ ಹಾಕ್ಸು. ವ್ಯಾನು ಹೊಂಟೋಯ್ತದೆ" ಎಂದಳು.

ರಂಗ ಹಗ್ಗ ಎಳೆದ. ಹತ್ತಲಿಲ್ಲ. ಮತ್ತೆ ಎಳೆದ. ಬಿಸಿಯಾಗಿದ್ದ ಇಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಹರಿದಿತ್ತು, ಅದು ನನಗೆ ಸದ್ದಿನಲ್ಲೇ ತಿಳಿಯಿತು. ಹಿಂದಕ್ಕೆ ಹೋಗಬೇಕಾದವನು ನಾನೇ. ಎದ್ದು ನಿಲ್ಲುವ ಧೈರ್ಯವಾಗಲಿಲ್ಲ. ಕ್ಯಾನುಗಳ ನಡುವೆ, ಜನರ ಕಾಲುಗಳ ನಡುವೆ ತೆವಳಿಕೊಂಡು ಹೋದೆ. ಅವರು ಕಾಲು ಎಳೆದುಕೊಂಡು ದಾರಿ ಬಿಟ್ಟರು. ಪ್ಲಗ್ಗು ಬಿಚ್ಚಿ ಪಂಚೆಯ ಅಂಚಿನಲ್ಲಿ ಒರೆಸಿ, ಗಾಳಿ ಆಡಿಸಿ ಮತ್ತೆ ಹಾಕಿದೆ. ದೋಣಿ ತೊನೆಯುತ್ತಿದ್ದುದರಿಂದ ತಿರುಪು ಕೂರಲು ಹೊತ್ತಾಯಿತು. ಇಂಜಿನ್ನು ಹತ್ತಿಕೊಂಡಿತು, ಆದರೆ ನನ್ನ ಭಾರ ಹಿಂದೆ ಬಿದ್ದು ಮೂತಿ ಏಳತೊಡಗಿತು. ಮತ್ತೆ ತೆವಳಿಕೊಂಡು ಮುಂದಕ್ಕೆ ಹೋದೆ. ಆ ಸಲ ನಾನು ಏನನ್ನೋ ಪರೀಕ್ಷೆ ಮಾಡುತ್ತಿದ್ದೇನೆಂದು ಯಾರೂ ಅಂದುಕೊಳ್ಳಲಿಲ್ಲ.

ದಡಕ್ಕೆ ಬರುವ ಹೊತ್ತಿಗೆ ವ್ಯಾನು ಬಸ್ ಸ್ಟಾಪು ದಾಟಿ ರಸ್ತೆಗೆ ಇಳಿದಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಪಾಳ್ಯದ ಹಾಲು ತಪ್ಪಿತು. ಬಸವರಾಜು ಕ್ಯಾನುಗಳನ್ನು ಇಳಿಸಿದ. ನಿಂಗಜ್ಜಿ ತನ್ನ ಸಣ್ಣ ಕ್ಯಾನನ್ನು ಸೊಂಟಕ್ಕೇರಿಸಿ, ಇವತ್ತಿಗೆ ನನ್ನ ಹಸು ಕರೆದದ್ದು ದಂಡ ಎಂದು ಗೊಣಗುತ್ತ ಏರಿ ಹತ್ತಿದಳು. ಕಡ್ಡಿ ಹಿಡಿದು ನಿಂತಿದ್ದ ಸೆಕ್ರೆಟರಿಗೆ ಅವಳೇ ಏನೋ ಹೇಳಿದಳು. ಅವನು ನನ್ನ ಕಡೆಗೊಮ್ಮೆ ನೋಡಿ, ಕಡ್ಡಿಯನ್ನು ಡೈರಿಯ ಗೋಡೆಗೆ ಒರಗಿಸಿ ಒಳಗೆ ಹೋದ. ಮಾರನೆಯ ದಿನವೂ ಅದನ್ನು ಮುಟ್ಟಲಿಲ್ಲ.

ನಾನೂ ರಂಗನೂ ದೋಣಿಯ ಹತ್ತಿರ ಉಳಿದೆವು. ಅವನು ಹಗ್ಗವನ್ನು ಕಲ್ಲಿಗೆ ಸುತ್ತಿ ಬಿಗಿದ, ಗಂಟು ಹಾಕಿದ, ಎಳೆದು ನೋಡಿದ.

"ಅಣ್ಣ, ಇದನ್ನ ಸಂಜೆ ಟ್ರಿಪ್ಪಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?" ಎಂದ.

ನಗುತ್ತ ಅಂದನೋ ಹಾಗೆಯೇ ಅಂದನೋ ತಿಳಿಯಲಿಲ್ಲ. ಅವನ ಮುಖ ನೋಡೋಣವೆಂದರೆ ನನಗೆ ತಲೆ ಎತ್ತಲಾಗಲಿಲ್ಲ.